ಬೆರಳು ಹತ್ತದ ಪ್ರಯಾಣಿಕ

ಇಡೀ ಊರನ್ನು ಬಸ್ಸು ಹತ್ತಿಸಿದ ಮನುಷ್ಯ ನಾನು. ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಯೋಚಿಸುತ್ತಿದ್ದವರನ್ನು ಹತ್ತಿಸಿದ್ದೇನೆ. ಜಾಗವೇ ಇಲ್ಲವಲ್ಲಪ್ಪ ಎಂದವರನ್ನು ಹತ್ತಿಸಿದ್ದೇನೆ. ಬೇರೆ ಬಸ್ಸಿಗೆ ಕಾಯುತ್ತಿದ್ದವರನ್ನೂ ಒಮ್ಮೊಮ್ಮೆ ಹತ್ತಿಸಿದ್ದೇನೆ (ಆ ವಿಷಯ ಈಗ ಬೇಡ). ಇಂಥ ಘನ ಕಂಡಕ್ಟರನಿಗೆ ಅಂಗೈಯಷ್ಟೂ ಇಲ್ಲದ ಒಂದು ಗಿಳಿಯನ್ನು ಬೆರಳಿಗೆ ಹತ್ತಿಸಲು ಆಗಲಿಲ್ಲವೆಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಹೆಂಡತಿಗೆ ಹೇಳಿದರೆ ಅವಳು ನನ್ನ ಬೆರಳನ್ನೊಮ್ಮೆ ನೋಡಿ, ಹಕ್ಕಿಗಾದರೂ ಬುದ್ಧಿ ಇದೆ ಎಂದುಬಿಟ್ಟಳು. ಅದಕ್ಕೇ ನಿಮ್ಮ ಹತ್ತಿರ ಬಂದೆ.

ನಮ್ಮ ಬೀದಿಯ ತುದಿಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಅದನ್ನು ನಡೆಸುತ್ತಿದ್ದವರು ಎಲ್ಲರ ಬಾಯಲ್ಲೂ ಗಿರಣಿಯಜ್ಜ. ಮಂಡಿನೋವು ಜಾಸ್ತಿಯಾಗಿ ಗಿರಣಿ ಮುಚ್ಚಿ ಮಗಳ ಮನೆಗೆ ಹೊರಟಾಗ, ಅಲ್ಲೇ ಹುಟ್ಟಿ ಬೆಳೆದ ಹಸಿರು ಗಿಳಿಯನ್ನು ಪಂಜರದ ಸಮೇತ ನನ್ನ ಕೈಗಿಟ್ಟರು. ಮಗಳ ಮನೆಯಲ್ಲಿ ಬೆಕ್ಕಿದೆಯಂತೆ. "ಒಂದು ತಿಂಗಳು ಬಿಟ್ಟು ಬಂದು ನೋಡ್ತೀನಿ ಕಂಡಕ್ಟರೇ. ಹೊಂದಿಕೊಂಡಿದ್ರೆ ನಿಮ್ಮದೇ. ಇಲ್ಲಾಂದ್ರೆ ನನ್ನ ಜೊತೇಲೇ ಬರುತ್ತೆ, ಬೆಕ್ಕಿದ್ರೂ ಸರಿ," ಎಂದರು. ಹಾಗೆನ್ನುವಾಗ ಹಿಂದೆ ಗಿರಣಿ ಕೊನೆಯ ಸಲ ತಿರುಗುತ್ತಿತ್ತು, ಗಿಳಿ ಅವರ ಬೆರಳ ಮೇಲೆ ಕೂತು ಅವರ ಬಾಯನ್ನೇ ನೋಡುತ್ತಿತ್ತು. ಅದನ್ನು ಕಂಡು ನನಗೆ ಆಸೆಯಾಯಿತು. ದಿನವಿಡೀ ನನ್ನ ಮುಂದೆ ಕೈ ಚಾಚುವವರೆಲ್ಲ ಚಿಲ್ಲರೆ ಕೇಳುವವರೇ. ಏನೂ ಕೇಳದೆ ಹತ್ತಿರ ಬರುವ ಜೀವವೊಂದು ನನಗೂ ಇರಲಿ ಅನ್ನಿಸಿತು. ಟಿಕೆಟ್ಟಿಲ್ಲದೆ ಕೂತು ತಿನ್ನುವ ಪ್ರಾಣಿಯಾದ್ದರಿಂದ ಅದಕ್ಕೆ 'ಪಾಸು' ಎಂದು ಹೆಸರಿಟ್ಟೆ.

ಪಾಪ, ಹುಟ್ಟಿದಾಗಿನಿಂದ ಆ ಗಿರಣಿಯ ಗಡಗಡ ಸದ್ದಿನಲ್ಲಿ ನರಳಿದ ಜೀವ. ಸದ್ದಿನ ಕಷ್ಟ ನನಗಲ್ಲದೆ ಇನ್ಯಾರಿಗೆ ಗೊತ್ತು? ಬೆಳಗಿನಿಂದ ಸಂಜೆಯವರೆಗೆ ಇಂಜಿನ್ನು, ಹಾರನ್ನು, ನನ್ನದೇ ಗಂಟಲು. ಮನೆಗೆ ಬಂದರೆ ಬಟ್ಟೆ ಹೊಲಿಯುವ ಹೆಂಡತಿಯ ಮಿಷಿನ್ನು, ಮಿಷಿನ್ನನ್ನೂ ಮೀರಿಸುವ ಹೆಂಡತಿ. ಒಂದು ಜೀವಕ್ಕೆ ಕೊಡಬಹುದಾದ ದೊಡ್ಡ ಉಡುಗೊರೆಯೆಂದರೆ ಮೌನವೇ ಎಂದು ನನಗೆ ಹೊಳೆಯಿತು. ಅಂದೇ ಸುಗ್ರೀವಾಜ್ಞೆ ಹೊರಡಿಸಿದೆ. ಮಿಷಿನ್ನು ಹಿಂದಿನ ಕೋಣೆಗೆ ಹೋಗತಕ್ಕದ್ದು, ರೇಡಿಯೋ ಬಾಯಿ ಮುಚ್ಚತಕ್ಕದ್ದು, ಪಾತ್ರೆಗಳನ್ನು ಮಲಗಿದ ಮಗುವಿನಂತೆ ಇಳಿಸತಕ್ಕದ್ದು, ಮಾತೇನಿದ್ದರೂ ಪಿಸುದನಿಯಲ್ಲಿ ಆಡತಕ್ಕದ್ದು. ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಗಿಳಿಯ ಮುಖ ನೋಡಿ ಹಾಗೇ ಮುಚ್ಚಿದಳು. (ಮದುವೆಯಾದ ಮೇಲೆ ಇದೇ ಮೊದಲು. ಗಾಬರಿಗೆ ನನಗೆ ಅಂದು ಊಟವೇ ಸೇರಲಿಲ್ಲ.)

ಸಂಜೆ ಡ್ಯೂಟಿ ಮುಗಿಸಿ ಬಂದವನೇ ಪಂಜರದ ಬಾಗಿಲು ತೆರೆದು ಬೆರಳು ಚಾಚಿ ಕೂರುತ್ತಿದ್ದೆ. ಬಸ್ಸಿನಲ್ಲಿ ಒರಟಾದ ಗಂಟಲನ್ನು ಹಿಂಡಿ ಹಿಂಡಿ ಸಣ್ಣಗೆ ಮಾಡಿಕೊಂಡು, ಚಿನ್ನಾ, ಬಂಗಾರಾ, ನನ್ನ ಮುದ್ದೂ, ಹತ್ತಪ್ಪಾ, ಜಾಗ ಬೇಕಾದಷ್ಟಿದೆ ಎಂದು ಪಿಸುಗುಡುತ್ತಿದ್ದೆ. ಪಾಸು ಮೂಲೆಗೆ ಸರಿದು, ಗರಿ ಉಬ್ಬಿಸಿಕೊಂಡು ಉಂಡೆಯಾಗಿ ಕೂರುತ್ತಿತ್ತು. ಹಾಕಿದ ಕಾಳು ಮುಕ್ಕಾಲು ಹಾಗೇ ಉಳಿಯುತ್ತಿತ್ತು. ಇನ್ನೂ ಸದ್ದು ಹೆಚ್ಚಾಯಿತೇನೋ ಎಂದು ಗೋಡೆ ಗಡಿಯಾರವನ್ನು ಇಳಿಸಿ ದಿಂಬಿನ ಕೆಳಗಿಟ್ಟೆ. ಹಕ್ಕಿ ಇನ್ನಷ್ಟು ಕುಗ್ಗಿತು. ಅಜ್ಜ ಬರುವ ಭಾನುವಾರ ಹತ್ತಿರವಾಗುತ್ತಿತ್ತು. ಆದರೆ ನನಗೀಗ ಅಜ್ಜನ ಭಯವೂ ಇರಲಿಲ್ಲ, ಬೆಕ್ಕಿನ ಭಯವೂ ಇರಲಿಲ್ಲ. ಅಲ್ಲಿಯವರೆಗೆ ಇದು ಬದುಕಿರುತ್ತದೋ ಇಲ್ಲವೋ ಎಂಬುದೊಂದೇ ಭಯ. ಅದೇ ಚಿಂತೆಯಲ್ಲಿ ಇಳಿಯಬೇಕಾದವರನ್ನೆಲ್ಲ ಮುಂದಿನ ಸ್ಟಾಪಿಗೆ ಸಾಗಿಸಿ ಬೈಸಿಕೊಂಡೆ.

ಹೀಗಿರುವಾಗ ಒಂದು ಸಂಜೆ ನಾನು ಪಂಜರದ ಬಾಗಿಲು ತೆರೆದು ಕೂತಿದ್ದಾಗ ಹೆಂಡತಿ ಹಿಂದಿನ ಕೋಣೆಯಿಂದ ಮಿಷಿನ್ನನ್ನು ಎಳೆದು ತಂದು ನಡುಮನೆಯಲ್ಲಿ ಇಟ್ಟಳು. ಆ ಕೋಣೆಯ ಕತ್ತಲಲ್ಲಿ ಯಾರದೋ ರವಿಕೆಗೆ ತೋಳನ್ನು ತಿರುವುಮುರುವು ಹೊಲಿದಿದ್ದಳಂತೆ. ಪಾಸುಗೆ ತೊಂದರೆಯಾಗುತ್ತೆ ಕಣೇ ಎಂದು ಪಿಸುಗುಟ್ಟಿದೆ. ಅಷ್ಟೇ ಸಾಕಾಯಿತು.

"ಚಿನ್ನ ಅಂತೆ, ಬಂಗಾರ ಅಂತೆ. ಈ ಮನೆಗೆ ಬಂದಾಗಿಂದ ನನ್ನನ್ನ 'ಲೇ, ಇವಳೇ' ಅಂತಲ್ಲದೆ ಕರೆದಿದ್ದೀರಾ? ಅಂಥ ಮಾತು ನಿಮಗೆ ಬರುತ್ತೆ ಅಂತಾನೇ ನನಗೆ ಗೊತ್ತಿರಲಿಲ್ಲ ಕಣ್ರೀ."

ಹೀಗೆಂದವಳೇ ಪೆಡಲು ತುಳಿದಳು. ಮಿಷಿನ್ನು ಗಡಗಡ ಎಂದಿತು. ಅಷ್ಟು ದಿನ ಕೂಡಿಟ್ಟ ಮಾತೆಲ್ಲ ಕಟ್ಟೆಯೊಡೆದು ಬಂತು. ಹಾಸಿಗೆಯ ಮೇಲೆ ಬಿಸಾಡಿದ ಒದ್ದೆ ಟವೆಲ್ಲಿನಿಂದ ಶುರುವಾಗಿ, ನಮ್ಮಮ್ಮನ ಮೂಗು ನನಗೆ ಬಂದಿರುವವರೆಗೆ ಯಾವುದನ್ನೂ ಬಿಡಲಿಲ್ಲ. ನನಗೂ ರೋಷ ಬಂತು. ಸುಗ್ರೀವಾಜ್ಞೆ ಮರೆತು, ಬಸ್ಸಿನ ಹಿಂದಿನ ಸೀಟಿಗೂ ಕೇಳುವ ನನ್ನ ನಿಜವಾದ ದನಿಯಲ್ಲಿ, ಬೆರಳು ಆಡಿಸುತ್ತ ಉತ್ತರ ಕೊಡತೊಡಗಿದೆ. ಬೆರಳು ತೋರಿಸಿ ಮಾತಾಡಬೇಡಿ ಎಂದು ಅವಳೆನ್ನುವುದಕ್ಕೂ, ಆ ಬೆರಳಿಗೆ ಏನೋ ಕಚಗುಳಿಯಾಗುವುದಕ್ಕೂ ಸರಿಹೋಯಿತು.

ಬೆರಳ ಮೇಲೆ ಪಾಸು ಕೂತಿತ್ತು. ಕತ್ತು ಓರೆ ಮಾಡಿ ಹೆಂಡತಿಯ ಬಾಯನ್ನೇ ನೋಡುತ್ತಿತ್ತು.

ಇಬ್ಬರೂ ಉಸಿರು ಹಿಡಿದು ನಿಂತೆವು. ಮಿಷಿನ್ನೂ ನಿಂತಿತು. ಆ ಕ್ಷಣವೇ ಹಕ್ಕಿ ನಡುಗಿ ಪುರ್ರೆಂದು ಪಂಜರದ ಮೂಲೆ ಸೇರಿತು.

"ಗಿರಣೀಲಿ ಹುಟ್ಟಿದ ಹಕ್ಕಿ ಕಣ್ರೀ," ಎಂದಳು ಹೆಂಡತಿ ಮೆಲ್ಲಗೆ. "ಸದ್ದು ನಿಂತ್ರೆ ಅದಕ್ಕೆ ಭಯ ಆಗುತ್ತೆ."

ಅವಳು ಮತ್ತೆ ಪೆಡಲು ತುಳಿದಳು. ಪಾಸು ಗರಿ ಕೊಡವಿ ಬಟ್ಟಲಿಗೆ ಬಾಯಿ ಹಾಕಿತು. ಅದು ಕಾಳು ಕಟಕಟ ಒಡೆಯುವುದನ್ನು ನೋಡುತ್ತ ನನಗೆ ಅಳುವೇ ಬಂತು. ನನಗೆ ಬೇಕಾಗಿದ್ದ ಉಡುಗೊರೆಯನ್ನು ಅದಕ್ಕೆ ಕೊಟ್ಟು ಪಾಪದ ಜೀವವನ್ನು ಹೆದರಿಸಿ ಕೊಲ್ಲುತ್ತಿದ್ದೆನಲ್ಲ. ಹೆಂಡತಿ ಮಿಷಿನ್ನು ನಿಲ್ಲಿಸದೆಯೇ, ಅಳೋದಿದ್ರೂ ಸ್ವಲ್ಪ ಜೋರಾಗಿ ಅಳಿ ಎಂದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಗಿಳಿ ಉಂಡು ಮಲಗುವ ತನಕ. ಮಿಷಿನ್ನಿನ ಸದ್ದಿಗೆ ಪಾಸು ತಿನ್ನುತ್ತಿತ್ತು, ಕೂಗುತ್ತಿತ್ತು, ಆದರೆ ಬೆರಳು ಹತ್ತಲು ಮಾತ್ರ ಹೆಂಡತಿಯ ಬೈಗುಳವೇ ಆಗಬೇಕು. ಹಾಗಾಗಿ ದಿನಕ್ಕೊಂದು ತಪ್ಪು ಮಾಡುವುದು ನನ್ನ ಕರ್ತವ್ಯವಾಯಿತು. ಟವೆಲ್ಲು ಹಾಸಿಗೆ ಮೇಲೆ, ಚಪ್ಪಲಿ ಅಡುಗೆಮನೆಯಲ್ಲಿ. ಅವಳು ಬೈಯುತ್ತಿದ್ದಳು, ಪಾಸು ಹತ್ತುತ್ತಿತ್ತು, ನಾನು ಕೃತಾರ್ಥನಾಗುತ್ತಿದ್ದೆ.

ಭಾನುವಾರ ಗಿರಣಿಯಜ್ಜ ಬಂದರು. ಹೊರಗಿನವರು ಬಂದರೆ ನನ್ನ ಹೆಂಡತಿಯಷ್ಟು ಸಾಧ್ವಿ ಲೋಕದಲ್ಲೇ ಇಲ್ಲ. ಮಿಷಿನ್ನಿಗೆ ಹೂವಿನ ಬಟ್ಟೆ ಹೊದಿಸಿ, ತಲೆ ತಗ್ಗಿಸಿ ಟೀ ತಂದಿಟ್ಟಳು. ಮನೆ ನಿಶ್ಶಬ್ದವಾಯಿತು. ಪಾಸು ಉಂಡೆಯಾಯಿತು. ನಾನು ಬೆರಳು ಚಾಚಿದೆ. ಅದು ನನ್ನನ್ನು ಕಂಡೇ ಇಲ್ಲವೆಂಬಂತೆ ಕೂತಿತು. ಅಜ್ಜನ ಮುಖ ಬಾಡಿತು.

ನಾನು ಟವೆಲ್ಲನ್ನು ಒದ್ದೆ ಮಾಡಿ ತಂದು ಅವಳ ಕಣ್ಣೆದುರೇ ಹಾಸಿಗೆಗೆ ಎಸೆದೆ. ಅವಳು ಮುಗುಳ್ನಕ್ಕು ಎತ್ತಿ ಹರವಿದಳು. ಮನಸ್ಸು ಕಲ್ಲು ಮಾಡಿಕೊಂಡು, ಹೊಲಿದಿಟ್ಟಿದ್ದ ಹೊಸ ರವಿಕೆಯ ಮೇಲೆ ಟೀ ಚೆಲ್ಲಿದೆ. "ಪರವಾಗಿಲ್ಲ ಬಿಡಿ, ಒಗೆದ್ರೆ ಹೋಗುತ್ತೆ," ಎಂದಳು, ಕಣ್ಣಲ್ಲಿ ಬೆಂಕಿ, ಬಾಯಲ್ಲಿ ಸಕ್ಕರೆ. ಅಜ್ಜ ಎದ್ದು ಪಂಜರಕ್ಕೆ ಕೈ ಹಾಕಿದರು.

"ಲೇ, ಸ್ವಲ್ಪ ಬೈಯೇ," ಎಂದು ಅವಳ ಕಿವಿಯಲ್ಲಿ ಅಂಗಲಾಚಿದೆ.

"ಬೈತೀನಿ. ಹಕ್ಕಿಗೆ ಹೇಳ್ತಿದ್ರಲ್ಲ, ಅದನ್ನ ನನಗೂ ಒಂದ್ಸಲ ಹೇಳಿ," ಎಂದಳು ನೆಲ ನೋಡುತ್ತ.

ತುಂಬಿದ ಬಸ್ಸಿನಲ್ಲಿ ಕೂಗುವವನಿಗೆ ಮೂರು ಮಾತು ಗಂಟಲಲ್ಲೇ ಸಿಕ್ಕಿಕೊಂಡವು. ಅಜ್ಜ ಪಂಜರ ಎತ್ತಿಕೊಂಡು ಹೊಸ್ತಿಲವರೆಗೆ ಹೋದರು. ಇನ್ನು ತಡೆಯಲಾಗಲಿಲ್ಲ, ಕಣ್ಣು ಮುಚ್ಚಿ ಬಾಯಿ ಬಿಟ್ಟೆ. ಪಿಸುಮಾತು ಬರಬೇಕಾಗಿದ್ದಲ್ಲಿ ಬಸ್ಸಿನ ದನಿಯೇ ಬಂತು.

"ಚಿನ್ನಾ! ಬಂಗಾರಾ! ನನ್ನ ಮುದ್ದೂ!"

ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಹೆಂಡತಿಯ ಮುಖ ಕೆಂಪೇರಿತು. ಹೊರಗಿನವರ ಮುಂದೆ ನಾಚಿಕೆ ಮಾನ ಏನೂ ಇಲ್ಲವಾ ಎಂದು ಶುರು ಮಾಡಿದವಳು, ಟವೆಲ್ಲು, ರವಿಕೆ, ಮೂಗು, ಎಲ್ಲವನ್ನೂ ಸರದಿಯಂತೆ ಹಿಡಿದು ಬೈದಳು. ಅಷ್ಟು ಚೆನ್ನಾಗಿ ಅವಳೆಂದೂ ಬೈದಿರಲಿಲ್ಲ. ಅಜ್ಜ ತಡಬಡಿಸಿ ಪಂಜರದ ಬಾಗಿಲು ತೆರೆದರು. ಪಾಸು ಹಾರಿ ಬಂದು ನನ್ನ ಬೆರಳ ಮೇಲೆ ಕೂತಿತು.

ಅಜ್ಜ ಹೊಸ್ತಿಲಿಂದ ಹಿಂದಿರುಗಿ ಬಂದರು. "ನಮ್ಮವಳೂ ಹೀಗೇ ಗಿರಣಿ ಸದ್ದು ಮೀರಿಸಿ ನನ್ನ ಬೈತಿದ್ಲು. ಇದು ನನ್ನ ಬೆರಳ ಮೇಲೆ ಕೂತು ಕೇಳ್ತಿತ್ತು. ಅವಳು ಹೋದ್ಮೇಲೆ ನನ್ನನ್ನ ಬೈಯೋರೇ ಇಲ್ಲ," ಎಂದರು. ಖಾಲಿ ಪಂಜರವನ್ನು ಕೆಳಗಿಟ್ಟು ನನ್ನ ಹೆಂಡತಿಯ ತಲೆಯ ಮೇಲೆ ಕೈಯಿಟ್ಟರು. "ನಿಲ್ಲಿಸಬೇಡ ಮಗಳೇ, ಬೈತಾ ಇರು."

ಗಿಳಿ ನಮ್ಮದಾಯಿತು. ಮಾನ ಮಾತ್ರ ಬೀದಿಯದಾಯಿತು.

ಮರುದಿನ ಬಸ್ಸು ನಮ್ಮ ಸ್ಟಾಪಿಗೆ ಬಂತು. ಎದುರುಮನೆಯ ಟೀಚರಮ್ಮ ಹತ್ತಿದವರೇ, "ಬಂಗಾರಾ, ಒಂದು ಟಿಕೆಟ್ ಕೊಡಪ್ಪಾ," ಎಂದರು. ಹಿಂದಿನ ಸೀಟಿನಿಂದ ಯಾರೋ ಮುದ್ದೂ, ಚಿಲ್ಲರೆ ಇಲ್ಲ ಎಂದರು. ಡ್ರೈವರೊಬ್ಬ ಮಾತ್ರ ತುಟಿಪಿಟಕ್ ಅನ್ನಲಿಲ್ಲ. ಮರ್ಯಾದಸ್ಥ ಎಂದುಕೊಂಡು ಬಾಗಿಲ ಹತ್ತಿರ ನಿಂತು ರೈಟ್ ರೈಟ್ ಎಂದೆ. ಬಸ್ಸು ಅಲುಗಲಿಲ್ಲ. ಮತ್ತೆ ಕೂಗಿದೆ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

"ನಮ್ಮನ್ನೂ ಒಂದ್ಸಲ ಪ್ರೀತಿಯಿಂದ ಕರೀರಿ," ಎಂದ, "ಹೋಗೋಣ."