ಮನೆ ನೋಡಲು ಬಂದ ಆಫೀಸರು

ಪಾಪಣ್ಣ ಮಾಡಿದ ತಪ್ಪು ಇಷ್ಟೇ. ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಅರ್ಧ ಮಾತು ಆಡಿ ಹೊರಟುಬಿಟ್ಟ.

"ಲೇ ಸಪ್ಪಲಮ್ಮ, ಇವತ್ತು ಮದ್ಯಾನದ ಮೇಲೆ ಮನೆ ನೋಡಾಕೆ ಆಫೀಸರ್ ಬತ್ತಾರೆ. ಒಸಿ ನೋಡ್ಕ."

ಏನನ್ನು ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬೇಕು ಎಂದು ಹೇಳಲಿಲ್ಲ. ಧರ್ಮಪುರಿಯ ಹುಣಸೆಹಣ್ಣಿನ ಮಂಡಿಯಲ್ಲಿ ದಿನವೆಲ್ಲ ತಕ್ಕಡಿ ಹಿಡಿಯುವ ಈ ಮನುಷ್ಯ ಮಾತನ್ನು ಮಾತ್ರ ಎಂದೂ ತೂಗಿದವನಲ್ಲ.

ಊರಾಚೆ, ಸೇಲಂ ರಸ್ತೆಯ ಪಕ್ಕ, ಸರ್ಕಾರದವರು ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸಿದ್ದರು. ಬಡವರು ಅರ್ಜಿ ಹಾಕಬಹುದು. ಆಫೀಸಿನಿಂದ ಒಬ್ಬರು ಬಂದು, ಇವರು ನಿಜಕ್ಕೂ ಬಡವರೇ, ಈಗಿರುವ ಮನೆ ನಿಜಕ್ಕೂ ಇಕ್ಕಟ್ಟೇ ಎಂದು ಕಣ್ಣಾರೆ ಕಂಡು ಬರೆದುಕೊಂಡು ಹೋಗುತ್ತಾರೆ. ಪಾಪಣ್ಣನ ಮನೆ ಎಂದರೆ ಒಂದೇ ಕೋಣೆ. ಗಂಡ, ಹೆಂಡತಿ, ಬೆಳೆಯುತ್ತಿರುವ ಇಬ್ಬರು ಹೆಣ್ಣುಮಕ್ಕಳು ಮಲಗಿದರೆ ಹೊರಳುವವರು ಉಳಿದವರಿಗೆ ಹೇಳಿ ಹೊರಳಬೇಕು. ನೀರಿಗೆ ಬೀದಿ ನಲ್ಲಿ, ಅದರ ಮುಂದೆ ಕೊಡಗಳ ಸಾಲು, ಸಾಲಿನಲ್ಲಿ ದಿನಾ ಜಗಳ. ಒಂದು ಭಾನುವಾರ ಪಾಪಣ್ಣ ಹೆಂಡತಿಯನ್ನು ಆ ಹೊಸ ಮನೆಗಳ ಹತ್ತಿರ ಕರೆದುಕೊಂಡು ಹೋಗಿದ್ದ. ಅಡುಗೆಮನೆಯ ಒಳಗೇ ನಲ್ಲಿ! ಸಪ್ಪಲಮ್ಮ ಅದನ್ನು ತಿರುಗಿಸಿದಳು. ನೀರು ಇನ್ನೂ ಬಿಟ್ಟಿರಲಿಲ್ಲ. ಆದರೂ ಅದರ ಕೆಳಗೆ ಕೈಯೊಡ್ಡಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಅವತ್ತಿನಿಂದ ಆ ಮನೆ ಸಿಗದಿದ್ದರೆ ತಾನು ಗಂಡಸೇ ಅಲ್ಲ ಎಂದು ಪಾಪಣ್ಣನಿಗೆ ಅನ್ನಿಸಿಬಿಟ್ಟಿತ್ತು.

ಈ ದಿನ ಮಧ್ಯಾಹ್ನ, ಮಂಡಿಯಲ್ಲಿ ಮೂಟೆ ಹೊಲಿಯುವ ಮಣಿ ಸುದ್ದಿ ತಂದ.

"ಅಣ್ಣಾ, ಆಫೀಸರ್ ಆಗ್ಲೇ ಒಂಟೌರೆ. ಪಕ್ಕದ್ ಬೀದೀಲಿ ಒಬ್ರ ಮನೇಲಿ ಕಲರ್ ಟೀವಿ ಕಂಡ್ರಂತೆ. ಅಲ್ಲೇ ಅರ್ಜಿ ಮೇಲೆ ಅಡ್ಡಗೀಟು, ಮುಡಿಂಜದು, ಕತೆ ಮುಗೀತು!"

ಪಾಪಣ್ಣ ನಕ್ಕ. "ನಮ್ಮನೇಲಿ ಏನೈತ್ಲಾ ಕಾಣಾಕೆ? ಒಂದು ಸ್ಟೌ, ನಾಕ್ ಚಾಪೆ. ನಮ್ಮಂಥ ಬಡವ್ರು ಹುಡುಕಿದ್ರೂ ಸಿಕ್ಕಲ್ಲ."

ಇಷ್ಟು ಹೆಮ್ಮೆಯಿಂದ ಬಡತನ ಹೇಳಿಕೊಂಡವರನ್ನು ಮಣಿ ನೋಡಿರಲಿಲ್ಲ. ಸಾಹುಕಾರರ ಅಪ್ಪಣೆ ಪಡೆದು ಇಬ್ಬರೂ ಮನೆಯ ಕಡೆ ಹೊರಟರು.

ಬಾಗಿಲಿಗೆ ಬಂದ ಪಾಪಣ್ಣ ಬೇರೆಯವರ ಮನೆಗೆ ನುಗ್ಗಿಬಿಟ್ಟೆನೆಂದು ಹೌಹಾರಿ ಹಿಂದಕ್ಕೆ ಹಾರಿದ. ಬಾಗಿಲಿಗೆ ಮಾವಿನ ತೋರಣ. ಒಳಗೆ ಕನ್ನಡಿ ಬಾಗಿಲಿನ ಕಬ್ಬಿಣದ ಬೀರು. ಬೀರುವಿನ ಪಕ್ಕ ಕಲರ್ ಟೀವಿ. ಟೀವಿಯ ಮೇಲೆ ಟೆಲಿಫೋನು. ಅದರ ವೈರು ಯಾವ ಗೋಡೆಗೂ ಸೇರದೆ ಹಲ್ಲಿಯ ಬಾಲದಂತೆ ಜೋತಾಡುತ್ತಿತ್ತು. ಸೋಫಾ ಸಾಲದೆಂದು ಮೇಲೊಂದು ಜಮಖಾನ. ಇಷ್ಟರ ನಡುವೆ ರೇಷ್ಮೆ ಸೀರೆ ಉಟ್ಟು, ಕುತ್ತಿಗೆ ತುಂಬ ಸರ ಹಾಕಿಕೊಂಡು, ನಿಲ್ಲಲೂ ಜಾಗವಿಲ್ಲದೆ ಗೋಡೆಗೆ ಅಂಟಿಕೊಂಡು ಸಪ್ಪಲಮ್ಮ ನಿಂತಿದ್ದಳು.

"ಏನೇ ಇದು?" ಪಾಪಣ್ಣ ಹೊಸ್ತಿಲಾಚೆಯಿಂದಲೇ ಕತ್ತು ಚಾಚಿ ಕೇಳಿದ.

"ಆಫೀಸರ್ ಬತ್ತಾರೆ ಅಂದ್ರಲ್ಲ. ಅವ್ರು ಬಂದು ಬರಿ ಗೋಡೆ ನೋಡ್ಕಂಡ್ ಓದ್ರೆ ನಮ್ ಮಾನ ಏನಾಯ್ತದೆ? ಎದ್ರು ಮನೆ ಪೂಂಗೊಡಿ ಎಲ್ಲಾನೂ ಕೊಟ್ಳು. ಲಾರಿ ಹಮಾಲಿಗಳ್ನ ಕರ್ಸಿ ಬೀರೂನೂ ಇಳಿಸಿದ್ಳು, ಪುಣ್ಯಾತ್ಗಿತ್ತಿ."

ಲಾರಿ ಓನರನ ಹೆಂಡತಿ ಪೂಂಗೊಡಿ ಬಾಗಿಲಲ್ಲೇ ಇದ್ದಳು. "ಪರವಾಯಿಲ್ಲ ಅಣ್ಣಾ! ನಮ್ಮ ಕಡೆ ಪೊಣ್ಣು ಪಾಕ್ಕ ಬಂದ್ರೂ ಇಂಗೇ ಅಲ್ವಾ? ಆಚೆ ಈಚೆ ಮನೇದೆಲ್ಲ ತಂದು ಜೋಡ್ಸಲ್ವಾ?"

ಅದೇನೋ ನಿಜವೇ. ಪೆನ್ನಾಗರದ ಕಡೆಯ ಪಾಪಣ್ಣನವರ ಹಳ್ಳಿಯಲ್ಲೂ ಹೆಣ್ಣು ನೋಡಲು ಬರುತ್ತಾರೆಂದರೆ ಇಡೀ ಬೀದಿಯ ಹಿತ್ತಾಳೆ ಪಾತ್ರೆಯೆಲ್ಲ ಒಂದೇ ಮನೆಗೆ ಬರುತ್ತದೆ. ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ. ಸಪ್ಪಲಮ್ಮನನ್ನು ನೋಡಲು ಹೋದಾಗ ಪಾಪಣ್ಣನೂ ಅಂಥ ಹಿತ್ತಾಳೆ ಲೋಟದಲ್ಲೇ ಕಾಪಿ ಕುಡಿದಿದ್ದ.

"ಅಯ್ಯೋ ನಿನ್ನ! ಅವ್ರು ಹೆಣ್ಣು ನೋಡಾಕ್ ಬರ್ತಿಲ್ಲ ಕಣೇ, ನಮ್ ಬಡತನ ನೋಡಾಕ್ ಬತ್ತಾವ್ರೆ! ಈ ಟೀವಿ ಕಂಡ್ರೆ ನಿನ್ ನಲ್ಲಿ ಓಯ್ತು!"

ನಲ್ಲಿ ಎಂಬ ಮಾತು ಕೇಳಿದ್ದೇ ಸಪ್ಪಲಮ್ಮನ ಮುಖ ಬಿಳಿಚಿಕೊಂಡಿತು. ಮರುಕ್ಷಣ ಸೆರಗು ಸಿಕ್ಕಿಸಿ ಟೀವಿಗೆ ಕೈಹಾಕಿದಳು.

ಆಮೇಲೆ ನಡೆದದ್ದು ಬೆಂಕಿ ಬಿದ್ದ ಮನೆಯ ಗಡಿಬಿಡಿ. ತೋರಣ ಕಿತ್ತರು. ಸೋಫಾ ಹೊತ್ತರು. ಪೂಂಗೊಡಿ ಫೋನನ್ನು ಮಗುವಿನಂತೆ ಕಂಕುಳಲ್ಲಿ ಇಟ್ಟುಕೊಂಡು ಓಡಿದಳು. ಯಾವುದು ಯಾರದೆಂದು ನೋಡುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಪಾಪಣ್ಣನ ಚಾಪೆಗಳೂ ಹೋದವು, ಸ್ಟೌ ಹೋಯಿತು, ಕೊಡಗಳು ಹೋದವು. ಗೋಡೆಯ ಮೇಲಿದ್ದ ದೇವರ ಪಟವೂ ಪೂಂಗೊಡಿಯದೇ ಇರಬೇಕೆಂದುಕೊಂಡು ಮಣಿ ಅದನ್ನು ಇಳಿಸಿ ಎದುರು ಮನೆಯ ಜಗುಲಿಯ ಮೇಲಿಟ್ಟ.

ಕೊನೆಗೆ ಉಳಿದದ್ದು ಬೀರು. ಪೂಂಗೊಡಿಯ ಮನೆ ಮಹಡಿಯ ಮೇಲೆ, ಮೆಟ್ಟಿಲು ಇಕ್ಕಟ್ಟು. ಸಪ್ಪಲಮ್ಮ ರೇಷ್ಮೆ ಸೀರೆ ಬಿಚ್ಚಿಕೊಡಲು ಪೂಂಗೊಡಿಯ ಜೊತೆ ಮೊದಲೇ ಮೇಲೆ ಹೋಗಿದ್ದಳು. ಮೇಲಿನಿಂದ ಪಾಪಣ್ಣ ಎಳೆದ, ಕೆಳಗಿನಿಂದ ಮಣಿ ನೂಕಿದ. ಅರ್ಧ ದಾರಿಯಲ್ಲಿ ಬೀರು ಗೋಡೆಗೆ ಕಚ್ಚಿಕೊಂಡು ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಮೆಟ್ಟಿಲಿನ ಕಿಟಕಿಯಿಂದ ಪಾಪಣ್ಣ ಹೊರಗೆ ನೋಡಿದ. ಅವನ ಮನೆಯ ಮುಂದೆ ಒಂದು ಮೊಪೆಡ್ಡು ಬಂದು ನಿಂತಿತ್ತು. ಕಂಕುಳಲ್ಲಿ ಫೈಲು ಇಟ್ಟುಕೊಂಡ ಬೋಳುತಲೆಯವರೊಬ್ಬರು ಇಳಿದರು. ಆಫೀಸರ್ ಪಳನಿಯಪ್ಪನ್! ಅದೇ ಹೊತ್ತಿಗೆ ಸಂತೆಯಿಂದ ತರಕಾರಿ ಚೀಲ ಹಿಡಿದು ಅವನ ಬಾಡಿಗೆ ಮನೆಯ ಒಡತಿ ಮುನಿವೆಂಕಟಮ್ಮನೂ ಬಂದಳು. ಆಕೆ ಜಗುಲಿಯ ಮೇಲಿನ ದೇವರ ಪಟ ನೋಡಿದಳು, ಖಾಲಿ ಮನೆ ನೋಡಿದಳು, ಕೆನ್ನೆಗೆ ಕೈ ಕೊಟ್ಟು ನಿಂತಳು. ಆಮೇಲೆ ಆಫೀಸರನ್ನು ಒಳಗೆ ಕರೆದುಕೊಂಡು ಹೋದಳು.

"ಸಾರ್! ಇಲ್ಲಿದೀನಿ ಸಾರ್!" ಪಾಪಣ್ಣ ಅರಚಿದ. ಬೀದಿಯಲ್ಲಿ ಲಾರಿಯೊಂದು ಹಾರನ್ ಹೊಡೆಯುತ್ತಿತ್ತು, ಯಾರಿಗೂ ಕೇಳಲಿಲ್ಲ. "ಲೇ ಮಣಿ, ಓಗ್ಲಾ, ಓಗಿ ಯೋಳ್ಲಾ!"

"ಕೈ ಬಿಟ್ರೆ ಬೀರು ನನ್ ಮೇಲೇ ಬೀಳ್ತದೆ ಅಣ್ಣಾ!" ಕೆಳಗಿನಿಂದ ನರಳುವ ದನಿ ಬಂತು.

ಮೇಲಿಂದ ಹೆಂಗಸರಿಬ್ಬರೂ ಬಂದು, ತಲೆಗೆ ತಲೆ ತಾಗಿಸಿಕೊಂಡು ಎಳೆದು, ಗೋಡೆಯ ಗಾರೆ ಒಂದಷ್ಟು ಉದುರಿಸಿದ ಮೇಲೆ ಬೀರು ಜಗ್ಗಿತು. ಪಾಪಣ್ಣ ಅದರ ಪಕ್ಕದಲ್ಲಿ ನುಸುಳಿ, ಅಂಗಿ ಹರಿದುಕೊಂಡು, ಬೀದಿಗೆ ಬಿದ್ದು ಓಡಿದ.

ಪಳನಿಯಪ್ಪನ್ ಆಗತಾನೆ ಬಾಗಿಲಿಗೆ ಬಂದಿದ್ದರು. ಮುಖದಲ್ಲಿ ದೊಡ್ಡ ಸಮಾಧಾನ.

"ಸಾರ್, ನಾನೇ ಸಾರ್ ಪಾಪಣ್ಣ. ಅರ್ಜಿ ಹಾಕಿರೋನು. ನೋಡಿ ಸಾರ್, ಎಂಗಿದೀವಿ ಅಂತ. ಒಂದು ಚಾಪೇನೂ ಇಲ್ಲ!"

"ನೋಡಿದೆನಲ್ಲಪ್ಪಾ," ಎಂದರು ಅವರು ತಮಿಳು ಬೆರೆತ ಕನ್ನಡದಲ್ಲಿ. "ಖಾಲಿ ಮಾಡಿಬಿಟ್ಟಿದೀರಿ. ಬೇರೆ ಮನೆ ಸಿಕ್ಕಿತಾ? ರೊಂಬ ಸಂತೋಷಂ."

"ಖಾಲಿ ಎಲ್ ಮಾಡಿದೀನಿ ಸಾರ್? ಇಲ್ಲೇ ಅಲ್ವಾ ಇರೋದು ನಾನು!"

ಮುನಿವೆಂಕಟಮ್ಮ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ಏನ್ಲಾ ನಾಟ್ಕ ಆಡ್ತೀಯ? ಒಂದು ಮಾತು ಯೋಳ್ದೆ ಖಾಲಿ ಮಾಡ್ಕಂಡ್ ಓಗ್ತಿದ್ಯಲ್ಲ, ಅಷ್ಟೂ ಬ್ಯಾಡವಾದ್ನಾ ನಾನು? ಚಾಪೆ, ಪಾತ್ರೆ ಹೊರಕ್ಕ್ ಹಾಕಿದ್ರೆ ಸುಣ್ಣ ಒಡೀತಾವ್ನೆ ಅನ್ಕಬೋದು. ದೇವ್ರ ಪಟ ಹೊಸ್ಲು ದಾಟ್ತು ಅಂದ್ರೆ ಇನ್ನೇನೈತೆ? ಸಂಸಾರ ಎದ್ದಂಗೇ."

ಅವರ ಜನದಲ್ಲಿ ದೇವರ ಪಟ ಹೋಗುವುದೇ ಎಲ್ಲಕ್ಕಿಂತ ಕೊನೆಗೆ. ಅದು ಹೊರಗೆ ಬಂದ ಮನೆಯೊಳಗೆ ಮತ್ತೆ ಒಲೆ ಹಚ್ಚುವವರಿಲ್ಲ.

"ಅದು ತಪ್ಪಾಗಿ ಬಂತಮ್ಮಾ! ಈಗ್ಲೇ ಎಲ್ಲಾನೂ ವಾಪಸ್ ತತ್ತೀನಿ."

"ಎಲ್ಲಿಗ್ ತತ್ತೀಯಪ್ಪ? ನಾನಾಗ್ಲೇ ಬೇರೇವ್ರಿಗೆ ಮನೆ ಕೊಟ್ಬುಟ್ಟೆ. ಎಲೆ ಅಡ್ಕೆ ಮೇಲೆ ಅಡ್ವಾನ್ಸೂ ಇಸ್ಕಂಡೆ. ಎಲೆ ತಗಂಡ್ ಮೇಲೆ ನಾನ್ ಮಾತು ತಪ್ಪಾಕಿಲ್ಲ."

"ಇಷ್ಟು ಬೇಗ? ಯಾರಿಗೆ?" ಪಾಪಣ್ಣ ಬೀದಿಯ ಆ ತುದಿಯಿಂದ ಈ ತುದಿಯವರೆಗೂ ನೋಡಿದ. ಒಂದು ಆಡು ಬಿಟ್ಟರೆ ಯಾರೂ ಇರಲಿಲ್ಲ.

ಪಳನಿಯಪ್ಪನ್ ಗಂಟಲು ಸರಿಮಾಡಿಕೊಂಡರು. ಅವರ ಕೈಯಲ್ಲಿ ಬೀಗದ ಕೈ ಇತ್ತು.

"ತಪ್ಪು ತಿಳ್ಕೋಬೇಡಿ ತಂಬಿ. ಸೇಲಂನಿಂದ ಟ್ರಾನ್ಸ್‌ಫರ್ ಆದಾಗಿಂದ ಲಾಡ್ಜಲ್ಲಿ ತಿಗಣೆ ಜೊತೆ ಮಲಗ್ತಿದೀನಿ. ಊರಿನವರ ಮನೆಯೆಲ್ಲ ನೋಡ್ತೀನಿ, ನನಗೊಂದು ಮನೆ ಸಿಗಲಿಲ್ಲ. ಇದು ನೋಡಿ, ಎಷ್ಟು ದೊಡ್ಡ ಕೋಣೆ! ಗಾಳಿ ಬೆಳಕು ಎಲ್ಲ ಇದೆ."

ತನ್ನ ಕೋಣೆ ದೊಡ್ಡದೆಂದು ಪಾಪಣ್ಣ ಜೀವಮಾನದಲ್ಲಿ ಕೇಳಿರಲಿಲ್ಲ. ಬಗ್ಗಿ ಒಳಗೆ ನೋಡಿದ. ಏನೂ ಇಲ್ಲದ ಆ ಕೋಣೆ ಛತ್ರದಂತೆ ಕಂಡಿತು. ಅವನಿಗೇ ಅದರಲ್ಲಿ ಇರಬೇಕೆನ್ನಿಸಿ ಹೊಟ್ಟೆ ಉರಿಯಿತು.

"ಸರ್ಕಾರದ್ ಮನೇನೇ ನಿಮ್ಗ್ ಸಿಕ್ಕಲ್ವಾ ಸಾರ್?"

"ನಾನೂ ಅರ್ಜಿ ಹಾಕಿದೀನಿ. ವಿಚಾರಣೆಗೆ ಬರಬೇಕಾದವನೂ ನಾನೇ. ನನ್ನ ಬಡತನ ನಾನೇ ನೋಡಿ ಬರೆಯೋಕಾಗಲ್ಲ ಅಂತ ಮೇಲಿನವರು ನಿಲ್ಲಿಸಿಬಿಟ್ಟರು."

ಪಾಪಣ್ಣನಿಗೆ ಥಟ್ಟನೆ ಒಂದು ಆಸೆ ಚಿಗುರಿತು. "ಸರಿ ಸಾರ್. ಅಂಗಾದ್ರೆ ಈಗ ನನಗ್ ಮನೇನೇ ಇಲ್ಲ. ನನಗಿಂತ ಬಡವ್ರು ಯಾರವ್ರೆ? ಆ ನಲ್ಲಿ ಮನೆ ನಂಗೇ ಅಲ್ವಾ ಸಾರ್?"

ಪಳನಿಯಪ್ಪನ್ ನಿಜವಾಗಿಯೂ ಮರುಕಪಟ್ಟರು. ಫೈಲು ಬಿಚ್ಚಿ, ಪಾಪಣ್ಣನ ಅರ್ಜಿ ತೆಗೆದು, ಪೆನ್ನಿನಿಂದ ಉದ್ದಕ್ಕೂ ಒಂದು ಗೀಟು ಎಳೆದರು. "ಏನು ಮಾಡೋದು ತಂಬಿ, ರೂಲ್ಸ್. ಊರಲ್ಲಿ ಒಂದು ವಿಳಾಸ ಇರೋರಿಗೆ ಮಾತ್ರ ಮನೆ. ನೀವು ಮೊದಲು ಒಂದು ಮನೆ ಹಿಡೀರಿ."

ಅಷ್ಟರಲ್ಲಿ ಹಳೆಯ ಸೀರೆ ಉಟ್ಟುಕೊಂಡು ಸಪ್ಪಲಮ್ಮ ಬಂದು ಸೇರಿದ್ದಳು. ವಿಷಯ ತಿಳಿದದ್ದೇ, ಎದುರು ಮನೆಯಿಂದ ವಾಪಸ್ ತಂದಿದ್ದ ಚಾಪೆಗಳ ಸುರುಳಿಯ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡು ಪಳನಿಯಪ್ಪನ್ ಕರಗಿಹೋದರು.

"ಅಳಬೇಡಿಮ್ಮಾ. ಎಲ್ಲಾದರೂ ಒಂದು ಮನೆ ಸಿಕ್ಕ ತಕ್ಷಣ ಮತ್ತೆ ಅರ್ಜಿ ಹಾಕಿ. ಬೇರೆ ಯಾರನ್ನೂ ಕಳಿಸಲ್ಲ, ಮನೆ ನೋಡೋಕೆ ನಾನೇ ಬರ್ತೀನಿ."

ಸಪ್ಪಲಮ್ಮ ಧಡಕ್ಕನೆ ಎದ್ದು ಎರಡೂ ಕೈ ಜೋಡಿಸಿದಳು.

"ಬ್ಯಾಡ ನನ್ನಪ್ಪಾ! ನಿಮ್ ಕಾಲಿಗ್ ಬೀಳ್ತೀನಿ, ನೀವು ಮಾತ್ರ ಬರ್ಬ್ಯಾಡಿ!"