ಕಂಪ್ಯೂಟರ್ ಕೋಣೆಯ ಕಾವಲುಗಾರ

ನಮ್ಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯನ್ನು ಕಾಯುವ ಮಹತ್ಕಾರ್ಯ ನನ್ನ ಹೆಗಲಿಗೆ ಬಿದ್ದದ್ದು ನಾನು ಗಣಿತದ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ. ಲೆಕ್ಕ ಬರುವವನಿಗೆ ಕಂಪ್ಯೂಟರೂ ಬರುತ್ತದೆ ಎಂದು ನಮ್ಮ ಹೆಡ್‌ಮೇಡಂ ನಂಬಿದ್ದರು. ಅವರ ನಂಬಿಕೆ ಕೆಡಿಸುವುದು ಸಭ್ಯತೆಯಲ್ಲವೆಂದು ನಾನೂ ಸುಮ್ಮನಿದ್ದೆ.

"ಮಕ್ಕಳು ಇಂಟರ್ನೆಟ್ಟಲ್ಲಿ ಏನೇನೋ ನೋಡ್ತಾವಂತೆ ಮೇಷ್ಟ್ರೇ. ಸ್ವಲ್ಪ ನಿಗಾ ಇಡ್ರಿ" ಎಂದರು.

ಸ್ವಲ್ಪ ನಿಗಾ ಇಡುವ ಜಾಯಮಾನ ನನ್ನದಲ್ಲ. ಶಿಕ್ಷಕರ ತರಬೇತಿಯಲ್ಲಿ ಕೊಟ್ಟಿದ್ದ ಒಂದು ತಂತ್ರಾಂಶವನ್ನು ಎಲ್ಲ ಯಂತ್ರಗಳಿಗೂ ಹಾಕಿದೆ. ಮೇಷ್ಟರು ತಮ್ಮ ಕುರ್ಚಿಯಲ್ಲಿ ಕುಳಿತೇ ಅಷ್ಟೂ ಮಕ್ಕಳ ಪರದೆ ನೋಡಬಹುದು ಎಂದು ಅಲ್ಲಿ ಹೇಳಿದ್ದರು. ಶುರುವಿನಲ್ಲಿ ಅದು ಇಂಗ್ಲಿಷಿನಲ್ಲಿ ಎರಡು ಆಯ್ಕೆ ಕೊಟ್ಟಿತು. ಓದುತ್ತಾ ಕೂರುವ ವ್ಯವಧಾನ ಯಾರಿಗಿದೆ? ಮೇಲಿನದನ್ನು ಒತ್ತಿದೆ. ನನ್ನ ಪರದೆಯ ಅಂಚಿನಲ್ಲಿ ಸಾಲಾಗಿ ಹಸಿರು ದೀಪಗಳು ಹೊತ್ತಿಕೊಂಡವು. ಹಸಿರು ಇದ್ದರೆ ಮಗು ಸನ್ನಡತೆಯಲ್ಲಿದೆ, ಕೆಂಪಾದರೆ ಎದ್ದು ಹೋಗಿ ಕಿವಿ ಹಿಂಡುವುದು. ಹೀಗೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ತೀರ್ಮಾನಿಸಿದ್ದು.

ಮರುದಿನ ಹತ್ತನೇ ತರಗತಿಗೆ ಗಂಭೀರವಾಗಿ ಘೋಷಿಸಿದೆ. "ಇವತ್ತಿನಿಂದ ನೀವು ಏನು ಹುಡುಕಿದರೂ ನನಗೆ ಕಾಣುತ್ತದೆ."

ರೇಖಾ ಎದ್ದು ನಿಂತಳು. ನಾನು ದಿನಾ ಬಸ್ ಬದಲಿಸುವ ಶಿರಾಳಕೊಪ್ಪ ನಿಲ್ದಾಣದ ಬಳಿ ಮಿರ್ಚಿ ಗಾಡಿ ಇಟ್ಟಿರುವ ಬಸವಣ್ಯಪ್ಪನ ಮಗಳು. ಮನಸ್ಸಿಗೆ ಬಂದದ್ದನ್ನು ನೆಟ್ಟಗೆ ಕೇಳುವ ಹುಡುಗಿ.

"ಸರ್, ಒಬ್ಬೊಬ್ಬರು ಒಂದೊಂದು ಹುಡುಕ್ತೀವಿ. ಮೈ ಹುಷಾರಿಲ್ದಿದ್ರೆ ಅದ್ನೂ ಹುಡುಕ್ತೀವಿ. ಅದೆಲ್ಲ ನೀವು ನೋಡೋದು ಸರಿನಾ ಸರ್?"

"ತಪ್ಪು ಮಾಡದವರಿಗೆ ಯಾಕೆ ಭಯ?" ಎಂದೆ. ವಾಕ್ಯ ಎಷ್ಟು ಚೆನ್ನಾಗಿ ಬಂತೆಂದರೆ, ಅದನ್ನು ಇನ್ನೆರಡು ತರಗತಿಗಳಲ್ಲೂ ಉಪಯೋಗಿಸಿದೆ.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ. "ಸರ್, ಪರದೆ ಮೂಲೇಲಿ ಒಂದು ಸಣ್ಣ ಕಿಟಕಿ ತೆರ್ಕಂಡೈತೆ. ಮುಚ್ಲಾ?"

"ಮುಚ್ಚಕೂಡದು! ಅದೇ ನನ್ನ ಕಾವಲು" ಎಂದೆ, ಕುರ್ಚಿಯಿಂದ ಏಳದೆ.

ಇಲ್ಲಿ ನನ್ನ ಸ್ವಂತ ಸಂಗತಿಯೊಂದನ್ನು ಹೇಳಬೇಕು. ಆ ದಿನಗಳಲ್ಲಿ ನನಗೆ ಎದೆಯ ಎಡಭಾಗದಲ್ಲಿ ಚುಚ್ಚಿದಂತಾಗುತ್ತಿತ್ತು. ಹೆಂಡತಿ ಸುಮಂಗಲಾಗೆ ಹೇಳಲಿಲ್ಲ. ಅವಳ ತಂದೆ, ಸೊರಬದ ನನ್ನ ಮಾವನವರು, ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಅವಳ ಮುಂದೆ ಆ ಮಾತೆತ್ತಲು ನನಗೆ ನಿಜಕ್ಕೂ ಧೈರ್ಯವಿರಲಿಲ್ಲ. ಡಾಕ್ಟರ ಹತ್ತಿರ ಹೋಗಲು ಅದಕ್ಕಿಂತ ಹೆದರಿಕೆ. ಫೋನಿನಲ್ಲಿ ಹುಡುಕೋಣವೆಂದರೆ ಅದು ಸಂಜೆಯಾದರೆ ಅವಳ ಕೈಯಲ್ಲೇ ಇರುತ್ತದೆ. ಉಳಿದದ್ದು ಶಾಲೆಯ ಕಂಪ್ಯೂಟರ್. ಮಕ್ಕಳು ತಮ್ಮ ಪಾಡಿಗೆ ಕೆಲಸ ಮಾಡುವಾಗ ನಾನು ಹಸಿರು ದೀಪಗಳನ್ನು ಒಮ್ಮೆ ನೋಡಿ, ನನ್ನ ಆಯುಷ್ಯದ ವಿಚಾರಣೆಗೆ ತೊಡಗುತ್ತಿದ್ದೆ.

ಕಾವಲಿನ ಫಲಿತಾಂಶ ಅದ್ಭುತವಾಗಿತ್ತು. ವಾರ ಕಳೆಯುವುದರೊಳಗೆ ಮಕ್ಕಳು ಗುರುತು ಸಿಗದಷ್ಟು ಬದಲಾದರು. ಗಲಾಟೆ ಇಲ್ಲ. ಹೋಂವರ್ಕ್ ಕೇಳುವ ಮೊದಲೇ ಮೇಜಿನ ಮೇಲೆ. ನಾನು ಮೆಟ್ಟಿಲು ಹತ್ತಲು ಹೋದರೆ ಇಬ್ಬರು ಓಡಿಬಂದು ಬ್ಯಾಗು ಕಸಿದುಕೊಳ್ಳುತ್ತಿದ್ದರು. ಒಬ್ಬ ನೀರು ತಂದರೆ ಇನ್ನೊಬ್ಬ ಫ್ಯಾನು ಹಾಕುತ್ತಿದ್ದ. ನಾನು ಕೋಪದಿಂದ ದನಿ ಏರಿಸಿದರೆ ಇಡೀ ತರಗತಿ ಕಕ್ಕಾಬಿಕ್ಕಿಯಾಗಿ, "ಸರ್, ಸಿಟ್ಟಾಗ್ಬ್ಯಾಡ್ರಿ ಸರ್, ಕುಂತ್ಕಳ್ರಿ" ಎನ್ನುತ್ತಿತ್ತು. ಒಂದು ಹುಡುಗಿಯಂತೂ ನಾನು ಹಾಜರಿ ಕೂಗುವಾಗ ಕಣ್ಣೊರೆಸಿಕೊಂಡಳು.

"ನೋಡಿ ಮೇಡಂ, ಮೇಲೊಬ್ಬ ನೋಡುತ್ತಿದ್ದಾನೆಂದು ಗೊತ್ತಾದರೆ ಮನುಷ್ಯ ತಾನಾಗಿ ತಿದ್ದಿಕೊಳ್ಳುತ್ತಾನೆ" ಎಂದು ಹೆಡ್‌ಮೇಡಂಗೆ ವರದಿ ಒಪ್ಪಿಸಿದೆ. ಅವರಿಗೆ ಸಂತೋಷ ತಡೆಯಲಾಗಲಿಲ್ಲ. ಪೋಷಕರ ಸಭೆಯಲ್ಲಿ ಇದನ್ನೇ ಮಾಡಿ ತೋರಿಸಬೇಕೆಂದರು. ಶಿಕಾರಿಪುರದ ಮನೆಯಲ್ಲಿ ನನ್ನ ಬುದ್ಧಿವಂತಿಕೆಗೆ ಅಷ್ಟು ಬೆಲೆಯಿಲ್ಲದ್ದರಿಂದ, ನೀನೂ ಬಾ ಎಂದು ಸುಮಂಗಲಾಳನ್ನು ನಾನೇ ಕರೆದೆ. ಯಾರ ಬಲವಂತವೂ ಇರಲಿಲ್ಲ!

ಸಭೆಯ ದಿನ ಮಕ್ಕಳು ಯಂತ್ರಗಳ ಮುಂದೆ, ಅವರ ಬೆನ್ನ ಹಿಂದೆ ಪೋಷಕರು. ಮಿರ್ಚಿ ಗಾಡಿಗೆ ರಜೆ ಕೊಟ್ಟು ಬಸವಣ್ಯಪ್ಪನೂ ಬಂದಿದ್ದ. ಸುಮಂಗಲಾ ಹೆಡ್‌ಮೇಡಂ ಪಕ್ಕದಲ್ಲಿ ಹೊಸ ಸೀರೆಯಲ್ಲಿ. ನಾನು ನನ್ನ ಯಂತ್ರದ ಹಿಂದೆ ಕುಳಿತು ಭಾಷಣ ಮಾಡಿದೆ. ತಪ್ಪು ಮಾಡದವರಿಗೆ ಯಾಕೆ ಭಯ ಎಂಬ ವಾಕ್ಯ ಇಲ್ಲೂ ಬಂತು. ಬಸವಣ್ಯಪ್ಪ ಜೋರಾಗಿ ತಲೆಯಾಡಿಸಿದ.

ರೇಖಾ ನನ್ನ ಬಳಿ ಬಂದು ಪಿಸುಗುಟ್ಟಿದಳು. "ಸರ್, ಈಗ ಏನೂ ಟೈಪ್ ಮಾಡ್ಬ್ಯಾಡ್ರಿ. ನಿಮ್ಮ ಮನೆಯೋರು ಬಂದಾರೆ."

ಸಿಕ್ಕಿಬೀಳುವ ಭಯಕ್ಕೆ ಹುಡುಗಿ ತಡೆಯುತ್ತಿದ್ದಾಳೆ ಎಂದುಕೊಂಡೆ. "ಹೋಗಿ ಕೂತ್ಕೋ" ಎಂದು ಗದರಿ, ಮಕ್ಕಳು ಹುಡುಕುವುದು ಹೇಗೆಂದು ಮೊದಲು ನಾನೇ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಹುಡುಕಿ ತೋರಿಸೋಣವೆಂದು ಶುರು ಮಾಡಿದೆ. 'ಎ' ಎಂಬ ಒಂದಕ್ಷರ ಒತ್ತುತ್ತಲೇ, ಮುಂದಿನದು ನಿನಗೇಕೆ ಕಷ್ಟ ಎಂಬಂತೆ, ಕಂಪ್ಯೂಟರು ನನ್ನ ಹಳೆಯ ಹುಡುಕಾಟಗಳನ್ನೆಲ್ಲ ಎಳೆದು ಹಾಕಿತು. ನಾನು ಪೋಷಕರ ಮೆಚ್ಚುಗೆ ನೋಡುವ ಆತುರದಲ್ಲಿ ಅತ್ತ ಕಣ್ಣು ಹಾಯಿಸಲೇ ಇಲ್ಲ.

ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡು ಎದುರಿನ ಮಗುವಿನ ಪರದೆಯನ್ನು ಓದಿದರು. "ಮೇಷ್ಟ್ರೇ, ಇಲ್ಲಿ 'ಎದೆನೋವು ಹೆಂಡತಿಗೆ ಹೇಳಬೇಕೇ' ಅಂತ ಬಂದಿದೆ."

"ನೋಡಿದ್ರಾ! ಯಾವ ಹುಡುಗ ಅವನು? ಈ ವಯಸ್ಸಿಗೇ ಹೆಂಡತಿ!" ಎಂದು ನಾನು ವಿಜಯೋತ್ಸಾಹದಿಂದ ಎದ್ದೆ.

"ಅದು ನಿಮ್ದೇ ಸರ್" ಎಂದಳು ರೇಖಾ, ತಲೆ ತಗ್ಗಿಸಿ. "ಮೊದ್ಲಿಂದ್ಲೂ ಆ ಕಿಟಕೀಲಿ ನಿಮ್ ಪರದೇನೇ ಕಾಣ್ತಿತ್ತು. ಮುಚ್ಚಕೂಡದು ಅಂದಿದ್ರಲ್ಲ."

ಹಸಿರು ದೀಪದ ಅರ್ಥ, ಓದದೆ ಒತ್ತಿದ ಆ ಆಯ್ಕೆಯ ಅರ್ಥ ನನಗೆ ಆಗ ಆಯಿತು. ನಾನು ಯಾರನ್ನೂ ನೋಡುತ್ತಿರಲಿಲ್ಲ. ಇಡೀ ಹತ್ತನೇ ತರಗತಿ ನನ್ನನ್ನು ನೋಡುತ್ತಿತ್ತು. ಪ್ರತಿ ಯಂತ್ರದಲ್ಲೂ 'ಎದೆನೋವು ಬಂದವರು ಎಷ್ಟು ದಿನ ಬದುಕುತ್ತಾರೆ' ಎಂಬ ಸಾಲು ಬೆಳಗುತ್ತಿತ್ತು. ಸುಮಂಗಲಾ ಅದನ್ನು ಓದಿದಳು. ಅವಳ ಮುಖ ನೋಡಿದಾಗ ನಗೆಪಾಟಲಾದದ್ದು ಮರೆತೇಹೋಯಿತು. ಅಷ್ಟು ಬಿಳಿಚಿದ್ದಳು.

"ಎದ್ದೇಳಿ ಮಾರಾಯ್ರೆ, ಆಸ್ಪತ್ರೆಗೆ ಹೋಗುವ" ಎಂದಷ್ಟೇ ಹೇಳಿದಳು.

ಶಿಕಾರಿಪುರ ತಲುಪುವ ತನಕ ಅವಳು ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ. ಇಸಿಜಿ ಪಟ್ಟಿಯನ್ನು ಡಾಕ್ಟರು ಅತ್ತಿಂದಿತ್ತ ತಿರುಗಿಸುವಾಗ, ಫಲಿತಾಂಶಕ್ಕೆ ಕಾಯುವ ಮಕ್ಕಳ ಕಷ್ಟ ಈ ಮೇಷ್ಟರಿಗೆ ಮೊದಲ ಬಾರಿ ತಿಳಿಯಿತು.

"ಹೃದಯ ಚೆನ್ನಾಗಿದೆ. ಸಂಜೆ ಏನು ತಿಂತೀರಿ?"

"ಬಸ್ ಬದಲಿಸುವಾಗ ಶಿರಾಳಕೊಪ್ಪದಲ್ಲಿ ಸ್ವಲ್ಪ ಮಂಡಕ್ಕಿ. ಜೊತೆಗೆ ಒಂದೆರಡು ಮಿರ್ಚಿ."

"ಒಂದೆರಡು?"

"ಪ್ಲೇಟು" ಎಂದೆ.

ಗ್ಯಾಸ್! ಬರೀ ಗ್ಯಾಸ್! ಸುಮಂಗಲಾ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅತ್ತಳು. ಆಮೇಲೆ ನಕ್ಕಳು. ಆಮೇಲೆ ಬೈಯಲು ಶುರು ಮಾಡಿದಳು. ಅಷ್ಟು ಹಿತವಾದ ಬೈಗುಳ ನಾನು ಕೇಳಿದ್ದೇ ಇಲ್ಲ.

ಮರುದಿನ ತರಗತಿಯ ಮುಂದೆ ನಿಂತು ಸುದ್ದಿ ಹೇಳಿದೆ. ಮಕ್ಕಳು ಬೆಂಚು ಬಡಿದು ಕುಣಿದರು. "ಇಷ್ಟು ದಿನ ಯಾರಿಗೂ ಯಾಕೆ ಹೇಳಲಿಲ್ಲ?" ಎಂದು ರೇಖಾಳನ್ನು ಕೇಳಿದೆ.

"ಅದು ನಿಮ್ಮ ಸ್ವಂತ ವಿಷಯ ಅಲ್ವಾ ಸರ್? ಮನೇಲೂ ಹೇಳ್ಬಾರ್ದು ಅಂತ ಎಲ್ರೂ ಮಾತಾಡ್ಕಂಡಿದ್ವಿ."

ಆ ಪರದೆಗಳು ನಿಜವಾಗಿ ನನ್ನ ಕೈಗೆ ಸಿಕ್ಕಿದ್ದರೆ, ಯಾವುದೋ ಮಗುವಿನ ಸಂಕಟವನ್ನು ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಹಂಚಿರುತ್ತಿದ್ದೆ. ಸದ್ಯ, ನನಗೆ ಇಂಗ್ಲಿಷ್ ಓದುವ ತಾಳ್ಮೆ ಇರಲಿಲ್ಲ. ಆ ತಂತ್ರಾಂಶವನ್ನು ಅವತ್ತೇ ತೆಗೆದೆ. ಶಾಲೆಯವರು ಏನು ನೋಡಬಹುದು, ಏನು ನೋಡಬಾರದು ಎಂಬುದನ್ನು ಮಕ್ಕಳನ್ನೇ ಕೇಳಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದ್ದೇವೆ. ಮಕ್ಕಳು ಮೊದಲಿನಂತೆ ಗಲಾಟೆ ಮಾಡುತ್ತಾರೆ. ನನ್ನ ಬ್ಯಾಗನ್ನು ನಾನೇ ಹೊರುತ್ತೇನೆ.

ಮೊನ್ನೆ ಸಂಜೆ, ಒಂದೇ ಒಂದು ಮಿರ್ಚಿಗೆ ಏನಾದೀತೆಂದು ಬಸವಣ್ಯಪ್ಪನ ಗಾಡಿಯ ಮುಂದೆ ನಿಂತೆ. ಅವನು ಖಾಲಿ ಮಂಡಕ್ಕಿ ಕೈಗಿಟ್ಟ.

"ಮಿರ್ಚಿ?"

"ನಿಮಗಿಲ್ರಿ ಸರ್. ನಿಮ್ಮನೆ ಅಕ್ಕೋರು ಫೋನ್ ಮಾಡಿದ್ರು. ನೀವು ಇಲ್ಲಿ ಬಂದ್ರೆ ತಿಳ್ಸು ಅಂದಾರೆ."

"ನಾನು ಏನು ತಿನ್ನುತ್ತೇನೆ ಅನ್ನೋದು ನನ್ನ ಸ್ವಂತ ವಿಷಯ ಕಣಯ್ಯಾ" ಎಂದು ನಾನು ನ್ಯಾಯ ಮಂಡಿಸಿದೆ.

ಬಸವಣ್ಯಪ್ಪ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಹೌದ್ರಿ ಸರ್. ಆದ್ರೆ ತಪ್ಪು ಮಾಡದವರಿಗೆ ಯಾಕ್ರಿ ಭಯ?"

ಬಸ್ ಬಂತು. ಖಾಲಿ ಮಂಡಕ್ಕಿ ಹಿಡಿದುಕೊಂಡು ಹತ್ತಿದೆ.