ಮುತ್ತಿನ ಕುದುರೆಯ ಎಂಟನೇ ಭಾಗ

"ನಲವತ್ತೇ ಪುಟ, ಅರ್ಧ ಗಂಟೆ ಸಾಕು! ಸೂರ್ಯ ಮುಳುಗುವ ಮೊದಲು ಕತೆಯೂ ಮುಗಿಯಬೇಕು, ಊಟವೂ ಮುಗಿಯಬೇಕು. ಇದು ಪದ್ಮಯ್ಯ ಮಾಸ್ಟ್ರ ಮಾತು!" ಎಂದು ಸ್ವತಃ ಮಾಸ್ಟ್ರೇ ಹೊಸ ಪುಸ್ತಕ ಎತ್ತಿ ಹಿಡಿದು ಸಾರಿದರು.

ಅರುವತ್ತೊಂದನೇ ಇಸವಿ. ವೇಣೂರಿನ ಆ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಒಳಗೆ ಕಡುಬು ಬೆಂದು ಸಿದ್ಧವಾಗಿತ್ತು. "ಊಟ ಮಾಡಿಯೇ ಓದಿ," ಎಂದಳು ಹೆಂಡತಿ ದಮಯಂತಿ. "ನಿಮ್ಮ ಅರ್ಧ ಗಂಟೆ ಎಷ್ಟು ಉದ್ದ ಅಂತ ನನಗೆ ಗೊತ್ತುಂಟು."

ಮಾಸ್ಟ್ರು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕು ವರ್ಷಗಳಿಂದ 'ಮುತ್ತಿನ ಕುದುರೆ'ಯ ಏಳು ಭಾಗಗಳನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಿದವರು ಅವರೇ. ಏಳನೆಯದರ ಕೊನೆಯಲ್ಲಿ ಕುದುರೆ ರಾಜಕುಮಾರಿಯನ್ನು ಹೊತ್ತು ಕಡಲಿನಲ್ಲಿ ಮುಳುಗಿತ್ತು. ಅಲ್ಲಿಂದ ಒಂದು ವರ್ಷ, ಒಂಬತ್ತರ ಮಗಳು ಸ್ವರ್ಣಲತಾ ದಿನಾ ಕೇಳುತ್ತಿದ್ದಳು: "ಅಪ್ಪ, ಕುದುರೆಗೆ ಈಜ್ಲಿಕ್ಕೆ ಬರ್ತದಾ?" ಮಂಗಳೂರಿನಿಂದ ಪುಸ್ತಕ ತಂದುಕೊಟ್ಟ ಬಸ್ ಕಂಡಕ್ಟರ್ ಮೊಯಿದಿನಬ್ಬನೂ ಕತೆ ಕೇಳದೆ ಹೋಗುವುದಿಲ್ಲವೆಂದು ಜಗಲಿ ಹತ್ತಿದ.

ಮಾಸ್ಟ್ರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಐದನೆಯ ಪುಟಕ್ಕೆ ಬಂದಾಗ ಓದು ತಟ್ಟನೆ ನಿಲ್ಲಿಸಿದರು! ರಾಜಕುಮಾರಿಗೆ ಎಚ್ಚರವಾಗಿತ್ತು. ಕುದುರೆಯೂ ಇಲ್ಲ, ಕಡಲೂ ಇಲ್ಲ; ಎಲ್ಲವೂ ಕನಸಂತೆ! ಮುಂದೆ ಹಾಳೆ ಸರಿಸಿ ಇಣುಕಿದರೆ ಬರೀ ಬುದ್ಧಿವಾದ: ಬೇಗ ಏಳಬೇಕು, ಹಲ್ಲುಜ್ಜಬೇಕು, ಹಿರಿಯರ ಮಾತು ಕೇಳಬೇಕು.

ಓದಿಬಿಡಲೇ? ಮಗಳು ಉಸಿರು ಬಿಗಿಹಿಡಿದು ಕೂತಿದ್ದಳು. ಆ ಮುಖ ನೋಡಿಕೊಂಡು ಇದನ್ನು ಓದುವ ಧೈರ್ಯ ಮಾಸ್ಟ್ರಿಗೆ ಬರಲಿಲ್ಲ.

"ಆಗ..." ಎಂದರು, ಪುಟದ ಮೇಲೆಯೇ ಕಣ್ಣು ನೆಟ್ಟು, "ಕುದುರೆಯ ಕೊರಳಿನ ಮುತ್ತು ಝಗ್ಗನೆ ಹೊತ್ತಿಕೊಂಡಿತು!"

ಎಲ್ಲಿ ಅಡಗಿತ್ತೋ ಆ ಕತೆ! ಕಡಲಿನ ತಳದಲ್ಲಿ ಪಟ್ಟಣವೊಂದು ಎದ್ದಿತು. ಮೀನುಗಳು ಪಲ್ಲಕ್ಕಿ ಹೊತ್ತವು. ತಾವೇ ಹೇಳಿದ್ದಕ್ಕೆ ಮಾಸ್ಟ್ರ ಮೈಯೇ ಜುಮ್ಮೆಂದಿತು. ಕರೆಯಲು ಬಂದ ದಮಯಂತಿ ಸೌಟು ಹಿಡಿದು ಬಾಗಿಲಲ್ಲೇ ನಿಂತಳು. ಮೂಡುಬಿದಿರೆಗೆ ಹೊರಡಬೇಕಿದ್ದ ಬಸ್ಸು ರಸ್ತೆಯಲ್ಲಿ ಹಾರನ್ ಹೊಡೆಯಿತು, ಮೊಯಿದಿನಬ್ಬ ಅಲುಗಲಿಲ್ಲ. ಬೈಯಲೆಂದು ಡ್ರೈವರ್ ಬಂದ, ಬೈಯುವುದು ಮರೆತು ಕೂತ. ಅವನ ಹಿಂದೆ ಆರು ಮಂದಿ ಪ್ರಯಾಣಿಕರು!

ಕುದುರೆ ನೀರು ಸೀಳಿ ಆಕಾಶಕ್ಕೆ ನೆಗೆಯುವ ಹೊತ್ತಿಗೆ ಸೂರ್ಯ ಮುಳುಗಿಯಾಗಿತ್ತು.

"ಅಯ್ಯೋ, ಕಡುಬು!" ಎಂದಳು ದಮಯಂತಿ.

ಮನೆಮಂದಿಗೆಲ್ಲ ಉಪವಾಸ. ಕಡುಬು ಬಸ್ಸಿನವರ ಪಾಲಾಯಿತು. "ಎಂಥ ಕತೆ ಮಾರಾಯ್ರೆ!" ಎನ್ನುತ್ತ ಮೊಯಿದಿನಬ್ಬ ಒಬ್ಬನೇ ಐದು ಮುಗಿಸಿದ.

ಹೊಟ್ಟೆ ಚುರುಗುಟ್ಟುತ್ತಿದ್ದರೂ ಮಾಸ್ಟ್ರು ಒಳಗೊಳಗೇ ಉಬ್ಬಿಹೋದರು. ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲವಲ್ಲ! ಮರುದಿನ ಬೆಳಿಗ್ಗೆ ಕಾಫಿಗೆ ಕೂತು ಗಂಭೀರವಾಗಿ ಹೇಳಿದರು: "ಎಂಟನೇ ಭಾಗ ಬರೆದವನು ಭಾರೀ ಬುದ್ಧಿವಂತ."

ದಮಯಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸ್ವರ್ಣಲತಾ ಹತ್ತಿರ ಬಂದಳು. "ಅಪ್ಪ, ಇನ್ನು ಮೇಲೆ ನಡುನಡುವೆ ಪುಟ ತಿರುಗಿಸಿ. ನಿನ್ನೆ ನೀವು ಒಂದೂವರೆ ಗಂಟೆ ಐದನೇ ಪುಟವನ್ನೇ ಓದಿದ್ದೀರಿ."

ಮಾಸ್ಟ್ರ ಲೋಟ ಅರ್ಧದಲ್ಲೇ ನಿಂತಿತು. "ಗೊತ್ತಿತ್ತಾ? ಮತ್ತೆ ಆಗಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಪುಟ ತಿರುಗಿಸ್ತಿದ್ರಲ್ಲ!"